ಕಂಟ್ರೋಲ್ ಸೊನ್ನೆ ಒತ್ತಿದರೂ ಪುಟ ದೊಡ್ಡದಾಗಿಯೇ ಇದೆ, ಮೆನು ಕಾಣುತ್ತಿಲ್ಲ

ಅಂಚುಪಟ್ಟಿ

ಎಲ್ಲರಿಗೂ ನಮಸ್ಕಾರ. ಆಫೀಸಿನಲ್ಲಿ ಲ್ಯಾಪ್‌ಟಾಪ್ ಬದಲಾಯಿಸಿ ಕೊಟ್ಟಿದ್ದಾರೆ. ಹೊಸದೇನಲ್ಲ, ಮೊದಲು ಬೇರೆಯವರು ಬಳಸುತ್ತಿದ್ದದ್ದು. ವಿಂಡೋಸ್ 11, ಕ್ರೋಮ್. ದಿನವೂ ಎಂಟ್ರಿ ಮಾಡುವ ವೆಬ್‌ಸೈಟ್ ಇದರಲ್ಲಿ ಮೊಬೈಲಿನಲ್ಲಿ ತೆರೆದ ಹಾಗೆ ಕಾಣುತ್ತದೆ. ಎಡಗಡೆ ಇರಬೇಕಾದ ಮೆನು ಇಲ್ಲ, ಮೇಲೆ ಮೂರು ಗೆರೆಯ ಗುಂಡಿ ಮಾತ್ರ ಇದೆ. ಎಂಟ್ರಿ ಬಾಕ್ಸ್ ತೆರೆದರೆ ಕೊನೆಯ ‘ಸೇವ್’ ಬಟನ್ ಪರದೆಯಿಂದ ಕೆಳಗೆ ಹೋಗಿ ಕೂತಿರುತ್ತದೆ. ಸ್ಕ್ರೋಲ್ ಮಾಡಿದರೆ ಹಿಂದಿನ ಪುಟ ಓಡುತ್ತದೆ, ಬಾಕ್ಸ್ ಅಲ್ಲಾಡುವುದಿಲ್ಲ. ಸದ್ಯಕ್ಕೆ ಟ್ಯಾಬ್ ಕೀ ಒತ್ತುತ್ತಾ ಹೋಗಿ, ಅಂದಾಜಿನ ಮೇಲೆ ಎಂಟರ್ ಹೊಡೆಯುತ್ತಿದ್ದೇನೆ.

ಪಕ್ಕದ ಸೀಟಿನವರದ್ದೂ ಇದೇ ಮಾಡೆಲ್. ಅವರಲ್ಲಿ ಎಲ್ಲ ಸರಿಯಾಗಿದೆ. ಕಂಟ್ರೋಲ್ ಮತ್ತು ಸೊನ್ನೆ ಒತ್ತಿ ನೋಡಿದೆ, ಏನೂ ಬದಲಾಗಲಿಲ್ಲ. ಹಾಗಾದರೆ ಜೂಮ್ 100ರಲ್ಲೇ ಇದೆ ಅಂತ ಅಲ್ವಾ? ಕ್ರೋಮ್ ತೆಗೆದು ಮತ್ತೆ ಹಾಕಿದ್ದೂ ಆಯಿತು. ಹಾಗೇ ಇದೆ.

ಸುಮ್ನೆ ಬಂದೆ

ಕ್ಯಾಶ್ ಕ್ಲಿಯರ್ ಮಾಡಿ. 90 ಭಾಗ ಅದರಲ್ಲೇ ಸರಿ ಹೋಗುತ್ತದೆ.

ಹಳೇ ಕೀಬೋರ್ಡ್

ಕ್ಯಾಶ್‌ನಲ್ಲಿ ಜೂಮ್ ಇರುವುದಿಲ್ಲ ಗುರು. ಅಲ್ಲಿರುವುದು ಚಿತ್ರ, ಸ್ಕ್ರಿಪ್ಟ್, ಸ್ಟೈಲ್ ಫೈಲು. ಜೂಮ್ ಅಳತೆ ಪ್ರೊಫೈಲಿನಲ್ಲಿ, ಅಂದರೆ ಬಳಸುವವರ ಸೆಟ್ಟಿಂಗ್, ಬುಕ್‌ಮಾರ್ಕ್ ಎಲ್ಲ ಇಡುವ ಜಾಗದಲ್ಲಿ, ಸೆಟ್ಟಿಂಗ್ ಆಗಿ ಉಳಿಯುತ್ತದೆ. ತೆಗೆದು ಮತ್ತೆ ಹಾಕಿದರೂ ಸರಿಯಾಗದ್ದು ಅದಕ್ಕೇ. ಅನ್‌ಇನ್‌ಸ್ಟಾಲ್ ಮಾಡುವಾಗ ಬ್ರೌಸಿಂಗ್ ಡೇಟಾವನ್ನೂ ಅಳಿಸಬೇಕೇ ಅಂತ ಒಂದು ಚೌಕ ಕೇಳುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಹಳೆಯ ಪ್ರೊಫೈಲ್ ಡಿಸ್ಕಿನಲ್ಲೇ ಇರುತ್ತದೆ, ಹೊಸ ಕ್ರೋಮ್ ಬಂದು ಅದನ್ನೇ ಎತ್ತಿಕೊಳ್ಳುತ್ತದೆ.

ಅಂಚುಪಟ್ಟಿ ಅವರೇ, ಮೊದಲು ಒಂದು ಕೆಲಸ ಮಾಡಿ. ಆ ಸೈಟ್ ತೆರೆದಿರುವಾಗ ಮೇಲೆ ಬಲಗಡೆ ಮೂರು ಚುಕ್ಕಿ ಒತ್ತಿ. ಮೆನುವಿನಲ್ಲಿ ‘ಜೂಮ್’ ಅಂತ ಒಂದು ಸಾಲಿದೆ, ಮೈನಸ್ ಪ್ಲಸ್ ನಡುವೆ ಒಂದು ಅಂಕಿ ಇರುತ್ತದೆ. ಎಷ್ಟಿದೆ ಹೇಳಿ.

ನೀಲಿ ಪರದೆ

ಜೊತೆಗೆ ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ ಒಳಗೆ ‘ಸ್ಕೇಲ್’ ಎಷ್ಟಿದೆ, ರೆಸಲ್ಯೂಶನ್ ಎಷ್ಟಿದೆ ಅಂತಲೂ ಬರೆಯಿರಿ. ಇಲ್ಲದಿದ್ದರೆ ನಾವೆಲ್ಲ ಇಲ್ಲಿ ಊಹೆಯ ಮೇಲೆ ಊಹೆ ಮಾಡುತ್ತಿರುತ್ತೇವೆ.

ಅಂಚುಪಟ್ಟಿ

ಮೂರು ಚುಕ್ಕಿಯಲ್ಲಿ 125% ಇದೆ! ಆದರೆ ಜೂಮ್ ಬದಲಾಗಿದ್ದರೆ ಅಡ್ರೆಸ್ ಬಾರ್‌ನಲ್ಲಿ ಭೂತಗನ್ನಡಿ ಗುರುತು ಬರಬೇಕಲ್ಲವೇ? ಅದು ಬಂದಿಲ್ಲ. ಕಂಟ್ರೋಲ್ ಸೊನ್ನೆ ಒತ್ತಿದರೂ 125 ಹಾಗೇ ಇರುತ್ತದೆ.

ಡಿಸ್‌ಪ್ಲೇ: 1920 × 1080, ಸ್ಕೇಲ್ 150%, ಪಕ್ಕದಲ್ಲಿ ‘ರೆಕಮೆಂಡೆಡ್’ ಅಂತ ಬರೆದಿದೆ.

ಚುಕ್ಕಿಲೆಕ್ಕ

ಸಿಕ್ಕಿತು. ಕಂಟ್ರೋಲ್ ಸೊನ್ನೆ ಪುಟವನ್ನು 100ಕ್ಕೆ ತರುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಿಜವಾಗಿ ಕ್ರೋಮಿನಲ್ಲಿ ಅದು ಡೀಫಾಲ್ಟ್‌ಗೆ, ಅಂದರೆ ಎಲ್ಲ ಸೈಟಿಗೂ ಮೊದಲೇ ಇಟ್ಟಿರುವ ಅಳತೆಗೆ, ತರುತ್ತದೆ. ಬಹುತೇಕರ ಡೀಫಾಲ್ಟ್ 100 ಆಗಿರುವುದರಿಂದ ಎರಡೂ ಒಂದೇ ಅನಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್ ಮೊದಲು ಬಳಸುತ್ತಿದ್ದವರು ಡೀಫಾಲ್ಟನ್ನೇ 125 ಮಾಡಿಟ್ಟಿದ್ದಾರೆ. ಭೂತಗನ್ನಡಿ ಬರುವುದು ಸೈಟಿನ ಅಳತೆ ಡೀಫಾಲ್ಟಿಗಿಂತ ಬೇರೆ ಇದ್ದಾಗ ಮಾತ್ರ. ನಿಮ್ಮಲ್ಲಿ ಡೀಫಾಲ್ಟ್ 125, ಸೈಟೂ 125. ಬ್ರೌಸರಿನ ಲೆಕ್ಕದಲ್ಲಿ ಎಲ್ಲ ನೆಟ್ಟಗಿದೆ, ಅದಕ್ಕೇ ಸುಮ್ಮನಿದೆ.

ಸರಿಪಡಿಸುವುದು ಸುಲಭ. ಸೆಟ್ಟಿಂಗ್ಸ್, ಅಪಿಯರೆನ್ಸ್, ‘ಪೇಜ್ ಜೂಮ್’. ಅಲ್ಲಿ 100 ಆರಿಸಿ.

ಮೆನು ಯಾಕೆ ಮಾಯವಾಯಿತು ಅನ್ನುವುದಕ್ಕೂ ಇದೇ ಕಾರಣ. ನಿಮ್ಮ ಅಂಕಿಗಳನ್ನೇ ತೆಗೆದುಕೊಳ್ಳೋಣ. ಪರದೆಯಲ್ಲಿ ಅಡ್ಡಕ್ಕೆ ಇರುವ ಚುಕ್ಕಿ 1920. ವಿಂಡೋಸ್ ಸ್ಕೇಲ್ 150 ಇರುವುದರಿಂದ ಬ್ರೌಸರಿಗೆ ಸಿಗುವ ಅಗಲ 1920 ಭಾಗಿಸು 1.5, ಅಂದರೆ 1280. ಅದರ ಮೇಲೆ ಜೂಮ್ 125. 1280 ಭಾಗಿಸು 1.25, ಅಂದರೆ 1024. ಆ ಸೈಟಿಗೆ ಗೊತ್ತಿರುವುದು ಈ ಕೊನೆಯ 1024 ಮಾತ್ರ. ನಿಮ್ಮದು ದೊಡ್ಡ ಪರದೆ ಅಂತ ಅದಕ್ಕೆ ಯಾರೂ ಹೇಳಿಲ್ಲ. 1024 ಅಥವಾ ಅದಕ್ಕಿಂತ ಕಡಿಮೆ ಅಗಲವಿದ್ದರೆ ಟ್ಯಾಬ್ಲೆಟ್ ವಿನ್ಯಾಸ ತೋರಿಸು ಅಂತ ಬರೆದಿರುವ ಸೈಟುಗಳು ಬೇಕಾದಷ್ಟಿವೆ. ನೀವು ಸರಿಯಾಗಿ ಆ ಗಡಿಯ ಮೇಲೇ ನಿಂತಿದ್ದೀರಿ. ಪಕ್ಕದವರದ್ದು 1280ರಲ್ಲಿದೆ, ಅವರಿಗೆ ಪೂರ್ತಿ ಮೆನು.

ಸೇವ್ ಬಟನ್ ಕಥೆಯೂ ಇದೇ, ಉದ್ದದ ಕಡೆಯಿಂದ. 1080 ಭಾಗಿಸು 1.5 ಅಂದರೆ 720. ಟ್ಯಾಬ್ ಸಾಲು, ಅಡ್ರೆಸ್ ಬಾರ್, ಬುಕ್‌ಮಾರ್ಕ್ ಸಾಲು, ಕೆಳಗಿನ ಟಾಸ್ಕ್‌ಬಾರ್ ಕಳೆದರೆ ಸುಮಾರು 550 ಉಳಿಯಬಹುದು. 1.25ರಿಂದ ಭಾಗಿಸಿದರೆ 440. ಆ ಬಾಕ್ಸ್ ಬರೆದವರು ಎತ್ತರ 500 ಅಂತ ಕಟ್ಟಿಹಾಕಿದ್ದರೆ, ಒಳಗೆ ಸ್ಕ್ರೋಲ್ ಕೊಡದೇ ಇದ್ದರೆ, ಬಟನ್ ಪರದೆಯ ಕೆಳಗೆ ಹೋಗದೆ ಇನ್ನೇನಾಗುತ್ತದೆ? ಅದು ಸೈಟಿನ ದೋಷ, ನಿಮ್ಮದಲ್ಲ. ಜೂಮ್ ಮಾಡಿದರೂ ಬಟನ್ ಕೈಗೆ ಸಿಗುವಂತೆ ಪುಟ ಕಟ್ಟಬೇಕು.

ಅಂಚುಪಟ್ಟಿ

ಪೇಜ್ ಜೂಮ್ 100 ಮಾಡಿದೆ. ಮೆನು ಬಂತು. ಸೇವ್ ಬಟನ್ನೂ ಬಂತು, ಬಾಕ್ಸಿನ ಕೆಳಗೆ ಒಂದು ಬೆರಳಗಲ ಜಾಗವೂ ಉಳಿಯಿತು. ಸುಮ್ಮನೆ 110 ಮಾಡಿ ನೋಡಿದೆ, ಮೆನು ಇರುತ್ತದೆ. 125ಕ್ಕೆ ಹೋದ ತಕ್ಷಣ ಮಾಯ. ನೀವು ಹೇಳಿದ ಲೆಕ್ಕ ಸರಿಯಾಗಿ ಕೂರುತ್ತದೆ. ತುಂಬಾ ಥ್ಯಾಂಕ್ಸ್.

ಈಗ ಇನ್ನೊಂದು. ಅದೇ ಸೈಟಿನಲ್ಲಿ ಲಾಗಿನ್ ಪುಟ ಚಿಕ್ಕದಾಗಿ ಕಾಣುತ್ತದೆ, ಒಳಗೆ ಹೋದ ಮೇಲೆ ಸರಿ ಇರುತ್ತದೆ. ಯಾಕೆ?

ಹಳೇ ಕೀಬೋರ್ಡ್

ಲಾಗಿನ್ ಪುಟದ ವಿಳಾಸ ಸ್ವಲ್ಪ ಬೇರೆ ಇರಬೇಕು ನೋಡಿ. ಕ್ರೋಮ್ ಜೂಮ್ ನೆನಪಿಟ್ಟುಕೊಳ್ಳುವುದು ಹೋಸ್ಟ್ ಹೆಸರಿನ ಮೇಲೆ, ಅಂದರೆ ವಿಳಾಸದಲ್ಲಿರುವ ಸೈಟಿನ ಹೆಸರಿನ ಮೇಲೆ. ಮುಂದೆ ‘ಲಾಗಿನ್’ ಅಂತ ಸೇರಿಕೊಂಡ ಸಬ್‌ಡೊಮೈನ್ ಅದರ ಪಾಲಿಗೆ ಬೇರೆಯದೇ ಸೈಟ್. ಹಿಂದಿನವರು ಯಾವಾಗಲೋ ಆ ಪುಟವನ್ನು ಮಾತ್ರ 90ಕ್ಕೋ 80ಕ್ಕೋ ಇಳಿಸಿರಬೇಕು.

ಪೂರ್ತಿ ಪಟ್ಟಿ ನೋಡಬೇಕೆಂದರೆ: ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್. ಕೆಳಗೆ ‘ಅಡಿಷನಲ್ ಕಂಟೆಂಟ್ ಸೆಟ್ಟಿಂಗ್ಸ್’ ಬಿಚ್ಚಿ, ಅದರೊಳಗೆ ‘ಜೂಮ್ ಲೆವೆಲ್ಸ್’. ಡೀಫಾಲ್ಟಿಗಿಂತ ಬೇರೆ ಅಳತೆ ಇರುವ ಸೈಟುಗಳೆಲ್ಲ ಅಲ್ಲಿ ಸಾಲಾಗಿ ಸಿಗುತ್ತವೆ. ಪಕ್ಕದ ಗುರುತು ಒತ್ತಿದರೆ ಆ ಸಾಲು ಹೋಗುತ್ತದೆ. ಹಿಂದಿನವರದ್ದು ಏನೇನು ಉಳಿದಿದೆಯೋ ಎಲ್ಲ ಕಿತ್ತುಹಾಕಿ. ಡೀಫಾಲ್ಟ್ ಬದಲಾಯಿಸಿದರೆ ಈ ಪಟ್ಟಿಯಲ್ಲಿರುವ ಸೈಟುಗಳು ಜೊತೆಗೆ ಬದಲಾಗುವುದಿಲ್ಲ. ಎಷ್ಟೋ ಜನ ತಲೆಕೆಡಿಸಿಕೊಳ್ಳುವುದು ಇಲ್ಲಿಯೇ.

ಚುಕ್ಕಿಲೆಕ್ಕ

ಇದರದ್ದೇ ಒಂದು ಪಕ್ಕದ ಮಾತು, ವೆಬ್ ಕೆಲಸ ಮಾಡುವವರಿಗೆ. ಜೂಮ್ ವಿಷಯದಲ್ಲಿ ಕ್ರೋಮ್ ಹೋಸ್ಟ್ ಮಾತ್ರ ನೋಡುತ್ತದೆ, ಪೋರ್ಟ್ ನೋಡುವುದಿಲ್ಲ. ಲೋಕಲ್‌ಹೋಸ್ಟ್‌ನಲ್ಲಿ 3000 ಪೋರ್ಟಿನ ಪ್ರಾಜೆಕ್ಟನ್ನು 80ಕ್ಕೆ ಇಳಿಸಿದರೆ, 8080ರಲ್ಲಿ ಓಡುತ್ತಿರುವ ಇನ್ನೊಂದು ಪ್ರಾಜೆಕ್ಟೂ 80ಕ್ಕೆ ಇಳಿಯುತ್ತದೆ. ವಿನ್ಯಾಸ ಯಾಕೆ ಬದಲಾಯಿತು ಅಂತ ಸ್ಟೈಲ್ ಫೈಲಿನಲ್ಲಿ ಹುಡುಕುವ ಮೊದಲು ಮೂರು ಚುಕ್ಕಿ ನೋಡಿ.

ಸುಮ್ನೆ ಬಂದೆ

ಇನ್‌ಕಾಗ್ನಿಟೊ (ಹಿಸ್ಟರಿ ಉಳಿಸದ ಖಾಸಗಿ) ಕಿಟಕಿಯಲ್ಲಿ ತೆರೆದು ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತಲ್ಲವೇ? ನಾನು ಏನೇ ತೊಂದರೆ ಬಂದರೂ ಅದನ್ನೇ ಮಾಡುವುದು.

ಚುಕ್ಕಿಲೆಕ್ಕ

ಜೂಮ್ ವಿಷಯದಲ್ಲಿ ಆ ಪರೀಕ್ಷೆ ದಾರಿ ತಪ್ಪಿಸುತ್ತದೆ. ಕ್ರೋಮಿನ ಇನ್‌ಕಾಗ್ನಿಟೊ ಕಿಟಕಿ ನಿಮ್ಮ ಮಾಮೂಲಿ ಪ್ರೊಫೈಲಿನ ಜೂಮ್ ಅಳತೆಗಳನ್ನು ಹಾಗೇ ತೆಗೆದುಕೊಳ್ಳುತ್ತದೆ. ಅಲ್ಲೂ 125 ಕಾಣುತ್ತಿತ್ತು, ‘ಓಹೋ ಪ್ರೊಫೈಲಿನ ತೊಂದರೆ ಅಲ್ಲ’ ಅಂತ ನೀವು ತೀರ್ಮಾನಿಸುತ್ತಿದ್ದಿರಿ. ಇನ್‌ಕಾಗ್ನಿಟೊ ಕೆಲಸಕ್ಕೆ ಬರುವುದು ಎಕ್ಸ್‌ಟೆನ್ಶನ್ ಮೇಲೆ ಅನುಮಾನ ಇದ್ದಾಗ, ಯಾಕೆಂದರೆ ಅಲ್ಲಿ ಅವು ಸಾಮಾನ್ಯವಾಗಿ ಓಡುವುದಿಲ್ಲ. ಜೂಮ್ ಪರೀಕ್ಷೆಗೆ ಗೆಸ್ಟ್ ಕಿಟಕಿ ತೆರೆಯಿರಿ. ಬಲಗಡೆ ಪ್ರೊಫೈಲ್ ಚಿತ್ರ ಒತ್ತಿದರೆ ಸಿಗುತ್ತದೆ. ಅದು ಖಾಲಿ ಪ್ರೊಫೈಲ್, ಹಳೆಯದು ಏನೂ ಅಂಟಿರುವುದಿಲ್ಲ.

ಬೆರಳತುದಿ

ನಾನೂ ಇಲ್ಲೇ ಸೇರಿಕೊಳ್ಳುತ್ತೇನೆ. ನನ್ನಲ್ಲಿ ಮೌಸ್ ಚಕ್ರ ತಿರುಗಿಸಿದರೆ ಪುಟ ಸ್ಕ್ರೋಲ್ ಆಗುವ ಬದಲು ದೊಡ್ಡದು ಚಿಕ್ಕದು ಆಗುತ್ತದೆ. ಯಾವಾಗಲೂ ಅಲ್ಲ, ಆಗಾಗ. ಬ್ರೌಸರ್ ಮುಚ್ಚಿ ತೆರೆದರೂ ಕೆಲವೊಮ್ಮೆ ಹಾಗೇ ಇರುತ್ತದೆ. ಮೌಸ್ ಬದಲಾಯಿಸಬೇಕೇ?

ಹಳೇ ಕೀಬೋರ್ಡ್

ಮೌಸ್ ಮೇಲೆ ಹಾಕಬೇಡಿ. ಕಂಟ್ರೋಲ್ ಕೀ ಒತ್ತಿಕೊಂಡೇ ಇದೆ ಅಂತ ಕಂಪ್ಯೂಟರ್ ತಿಳಿದಿದೆ. ಕಂಟ್ರೋಲ್ ಜೊತೆ ಚಕ್ರ ತಿರುಗಿಸಿದರೆ ಜೂಮ್, ಅದು ಎಲ್ಲ ಬ್ರೌಸರಿನಲ್ಲೂ ಇರುವುದೇ. ಖಚಿತ ಮಾಡಿಕೊಳ್ಳಲು ವಿಂಡೋಸ್‌ನ ಆನ್-ಸ್ಕ್ರೀನ್ ಕೀಬೋರ್ಡ್ ತೆರೆದಿಡಿ. ನೀವು ಕೈ ಇಡದೆಯೂ ಅದರಲ್ಲಿ ಕಂಟ್ರೋಲ್ ಬಣ್ಣ ಬದಲಾಗಿದ್ದರೆ ಕೀ ಸಿಕ್ಕಿಕೊಂಡಿದೆ. ಎಡಗಡೆಯ ಕಂಟ್ರೋಲ್, ಬಲಗಡೆಯ ಕಂಟ್ರೋಲ್ ಎರಡನ್ನೂ ಒಂದೊಂದು ಸಲ ಒತ್ತಿ ಬಿಡಿ. ಬಹಳ ಸಲ ಅಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಮತ್ತೆ ಮತ್ತೆ ಆದರೆ ಕೀ ಬಿಚ್ಚಿ ಒಳಗಿನ ಧೂಳು ತೆಗೆಯಬೇಕು.

ಇನ್ನೊಂದು ಸಾಧ್ಯತೆ ಸ್ಟಿಕಿ ಕೀಸ್, ಅಂದರೆ ಕಂಟ್ರೋಲ್, ಶಿಫ್ಟ್ ಥರದ ಕೀ ಬಿಟ್ಟ ಮೇಲೂ ಒತ್ತಿಕೊಂಡಂತೆ ಹಿಡಿದಿಡುವ ಸೌಲಭ್ಯ. ಶಿಫ್ಟ್ 5 ಸಲ ಒತ್ತಿದರೆ ವಿಂಡೋಸ್ ಅದನ್ನು ಚಾಲೂ ಮಾಡಲೇ ಅಂತ ಕೇಳುತ್ತದೆ. ಆಟ ಆಡುವವರು ಓದದೆ ‘ಯೆಸ್’ ಒತ್ತಿರುತ್ತಾರೆ. ಅದು ಚಾಲೂ ಇರುವಾಗ ಕಂಟ್ರೋಲ್ ಎರಡು ಸಲ ಒತ್ತಿದರೆ ಬೀಗ ಹಾಕಿದಂತೆ ಕೂತುಬಿಡುತ್ತದೆ. ಆಕ್ಸೆಸಿಬಿಲಿಟಿ, ಕೀಬೋರ್ಡ್ ಒಳಗೆ ಹೋಗಿ ಆಫ್ ಮಾಡಿ.

ಬೆರಳತುದಿ

ಸ್ಟಿಕಿ ಕೀಸ್ ಆನ್ ಆಗಿತ್ತು! ತಮ್ಮ ಆಟ ಆಡುತ್ತಾನೆ, ಅವನದ್ದೇ ಕೆಲಸ. ಆದರೆ ಟಚ್‌ಪ್ಯಾಡಿನಲ್ಲೂ ಒಮ್ಮೊಮ್ಮೆ ಪುಟ ದೊಡ್ಡದಾಗುತ್ತದೆ. ಆಗ ಮೂರು ಚುಕ್ಕಿಯಲ್ಲಿ 100 ಅಂತಲೇ ಇರುತ್ತದೆ. ಇದು ಹೇಗೆ?

ಚುಕ್ಕಿಲೆಕ್ಕ

ಅದು ಬೇರೆ ಜಾತಿಯ ಜೂಮ್. ಎರಡು ಬೆರಳು ಅಗಲಿಸಿ ಮಾಡುವ ಜೂಮ್ ಪುಟದ ವಿನ್ಯಾಸವನ್ನು ಮುಟ್ಟುವುದಿಲ್ಲ. ಇರುವ ಚಿತ್ರದ ಮೇಲೆ ಭೂತಗನ್ನಡಿ ಹಿಡಿದ ಹಾಗೆ ಅಷ್ಟೇ. ಸಾಲುಗಳು ಮತ್ತೆ ಮಡಚಿಕೊಳ್ಳುವುದಿಲ್ಲ, ಅಕ್ಷರ ಪರದೆಯ ಆಚೆ ಹೋಗುತ್ತದೆ, ಎಡಕ್ಕೆ ಬಲಕ್ಕೆ ಎಳೆದು ಓದಬೇಕಾಗುತ್ತದೆ. ಮೂರು ಚುಕ್ಕಿಯ ಅಂಕಿಯಲ್ಲಿ ಇದು ಸೇರುವುದಿಲ್ಲ, ಸೈಟಿನ ಹೆಸರಲ್ಲಿ ಉಳಿಯುವುದೂ ಇಲ್ಲ. ಬೆರಳು ಹತ್ತಿರ ತಂದರೆ ವಾಪಸ್ ಬರುತ್ತದೆ. ಟಚ್‌ಪ್ಯಾಡ್ ಸೆಟ್ಟಿಂಗ್ಸ್‌ನಲ್ಲಿ ‘ಪಿಂಚ್ ಟು ಜೂಮ್’ ಟಿಕ್ ತೆಗೆದರೆ ತಲೆನೋವೇ ಇಲ್ಲ. ನಾನು ತೆಗೆದೇ ಇಟ್ಟಿದ್ದೇನೆ.

ಯಾವುದು ಯಾವುದು ಅಂತ ಗುರುತಿಸುವ ಸುಲಭದ ದಾರಿ: ದೊಡ್ಡದಾದಾಗ ಸಾಲುಗಳು ಹೊಸದಾಗಿ ಮಡಚಿಕೊಂಡು ಪರದೆಯೊಳಗೇ ಉಳಿದರೆ ಪುಟದ ಜೂಮ್. ಸಾಲು ಹಾಗೇ ಇದ್ದು ಅಂಚು ಕಿತ್ತುಹೋದರೆ ಬೆರಳಿನ ಜೂಮ್.

ಒತ್ತಕ್ಷರ

ನನ್ನದು ಫೈರ್‌ಫಾಕ್ಸ್. ಕನ್ನಡ ಪುಟಗಳನ್ನು ದೊಡ್ಡದು ಮಾಡಿದರೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತವೆ. ಇಂಗ್ಲಿಷ್ ಪುಟದಲ್ಲಿ ಹೀಗಾಗುವುದಿಲ್ಲ. ಮುಖ್ಯವಾಗಿ ತಲೆಬರಹಗಳಲ್ಲಿ ಮತ್ತು ಬಟನ್ ಒಳಗೆ. ‘ಸ್ತ್ರೀ’ ಅಂತ ಬರೆದಿದ್ದರೆ ‘ಸೀ’ ಅಂತ ಓದುವ ಹಾಗಾಗಿದೆ. ‘ರಾಷ್ಟ್ರ’ದಲ್ಲಿ ಷ ಒಂದೇ ಉಳಿದಿರುತ್ತದೆ. ಫಾಂಟ್ ಬದಲಾಯಿಸಿದೆ, ಉಪಯೋಗವಾಗಲಿಲ್ಲ.

ನೀಲಿ ಪರದೆ

ಫೈರ್‌ಫಾಕ್ಸಿನಲ್ಲಿ ‘ಜೂಮ್ ಟೆಕ್ಸ್ಟ್ ಓನ್ಲಿ’ ಆನ್ ಆಗಿದೆಯೇ ನೋಡಿ. ಆಲ್ಟ್ ಒತ್ತಿದರೆ ಮೇಲೆ ಹಳೆಯ ಮೆನು ಬರುತ್ತದೆ. ವ್ಯೂ, ಜೂಮ್, ಅದರ ಕೊನೆಯ ಸಾಲು. ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲೂ ಡೀಫಾಲ್ಟ್ ಜೂಮ್ ಪಕ್ಕದಲ್ಲಿ ಇದೇ ಟಿಕ್ ಇದೆ.

ಒತ್ತಕ್ಷರ

ಹೌದು, ಟಿಕ್ ಇತ್ತು. ತೆಗೆದ ಮೇಲೆ ಬಹುತೇಕ ಸರಿ ಹೋಯಿತು. ಆದರೆ ಕಾರಣ ತಿಳಿದುಕೊಳ್ಳುವ ಆಸೆ. ಇಂಗ್ಲಿಷಿಗೆ ಯಾಕೆ ಆಗುವುದಿಲ್ಲ?

ಚುಕ್ಕಿಲೆಕ್ಕ

ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಪೂರ್ತಿ ಪುಟ ಜೂಮ್ ಮಾಡಿದಾಗ ಅಕ್ಷರ, ಬಟನ್ನಿನ ಎತ್ತರ, ಅಂಚಿನ ಜಾಗ ಎಲ್ಲ ಒಂದೇ ಅನುಪಾತದಲ್ಲಿ ಬೆಳೆಯುತ್ತವೆ. ಅಕ್ಷರ ಮಾತ್ರ ಜೂಮ್ ಮಾಡಿದರೆ ಅಕ್ಷರ ಬೆಳೆಯುತ್ತದೆ, ಪೆಟ್ಟಿಗೆ ಹಾಗೇ ಇರುತ್ತದೆ. ಪೆಟ್ಟಿಗೆಯ ಎತ್ತರ 32 ಪಿಕ್ಸೆಲ್ ಅಂತ ಕಟ್ಟಿಹಾಕಿ, ಹೊರಗೆ ಬಂದದ್ದನ್ನು ಮುಚ್ಚು ಅಂತಲೂ ಬರೆದಿದ್ದರೆ, ಕೆಳಗೆ ಇಳಿದ ಭಾಗ ಕತ್ತರಿಸಿಹೋಗುತ್ತದೆ.

ಇಂಗ್ಲಿಷಿನಲ್ಲಿ ಸಾಲಿನಿಂದ ಕೆಳಗಿಳಿಯುವ ಅಕ್ಷರ ಕೆಲವೇ, ಅವೂ ಸ್ವಲ್ಪವೇ ಇಳಿಯುತ್ತವೆ. ನಮ್ಮಲ್ಲಿ ಒತ್ತಕ್ಷರ ಪೂರ್ತಿ ಕೆಳಗೇ ಕೂರುತ್ತದೆ. ‘ಸ್ತ್ರೀ’ಯಲ್ಲಿ ತ ಒತ್ತು, ರ ಒತ್ತು ಎರಡೂ ಇವೆ, ಕೆಲವು ಫಾಂಟಿನಲ್ಲಿ ಅವು ಒಂದರ ಕೆಳಗೊಂದು ಬರುತ್ತವೆ. ಮೇಲೆ ಗುಡಿಸೂ ಬೇಕು. ಸಾಲಿನ ಎತ್ತರ ಅಕ್ಷರದ 1.2 ಪಾಲು ಅಂತ ಇಟ್ಟರೆ ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಸಾಲದು. ನಾನು 1.6ಕ್ಕಿಂತ ಕಡಿಮೆ ಇಡುವುದೇ ಇಲ್ಲ. ಅದನ್ನೂ ಪಿಕ್ಸೆಲ್‌ನಲ್ಲಿ ಬರೆಯುವುದಿಲ್ಲ, ಬರೀ ಅಂಕಿಯಾಗಿ ಬರೆಯುತ್ತೇನೆ. ಆಗ ಅಕ್ಷರ ಬೆಳೆದರೆ ಸಾಲೂ ಬೆಳೆಯುತ್ತದೆ. ಬಟನ್ನಿಗೆ ಎತ್ತರ ಕೊಡುವ ಬದಲು ಮೇಲೆ ಕೆಳಗೆ ಒಳಜಾಗ ಕೊಟ್ಟರೆ ಈ ಗೋಳೇ ಇರುವುದಿಲ್ಲ. ಇಂಗ್ಲಿಷಿನಲ್ಲಿ ವಿನ್ಯಾಸ ಮಾಡಿ, ಕೊನೆಯ ದಿನ ಕನ್ನಡ ತುಂಬುವವರು ಇದನ್ನು ಕಣ್ಣಾರೆ ನೋಡುವುದೇ ಇಲ್ಲ.

ಫಾಂಟ್ ಬದಲಾಯಿಸಿದರೂ ಆಗದ್ದು ಅದಕ್ಕೇ, ಕತ್ತರಿ ಇರುವುದು ಪೆಟ್ಟಿಗೆಯಲ್ಲಿ. ಆದರೆ ಒಂದೇ ಅಳತೆಯಲ್ಲೂ ಫಾಂಟಿನಿಂದ ಫಾಂಟಿಗೆ ಅಕ್ಷರದ ಗಾತ್ರ ಬೇರೆ ಕಾಣುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ತುಂಗಾ ಇತ್ತು, ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು. ಆಂಡ್ರಾಯ್ಡ್ ಕಡೆ ಹೆಚ್ಚಾಗಿ ನೋಟೋ ಸಾನ್ಸ್ ಕನ್ನಡ. ಒಂದೇ ಪುಟ ಎರಡು ಯಂತ್ರದಲ್ಲಿ ಬೇರೆ ಬೇರೆ ಜೂಮ್ ಮಾಡಿದಂತೆ ಕಂಡರೆ ಫಾಂಟನ್ನೂ ಅನುಮಾನಿಸಿ.

ಸುಮ್ನೆ ಬಂದೆ

ಜೂಮ್ ಬೇಡ, ಕ್ರೋಮಿನಲ್ಲಿ ‘ಮಿನಿಮಮ್ ಫಾಂಟ್ ಸೈಜ್’ ಅಂತ ಇದೆ, ಅದನ್ನು ಜಾಸ್ತಿ ಮಾಡಿದರೆ ಎಲ್ಲ ಸೈಟೂ ದೊಡ್ಡದಾಗಿ ಕಾಣುತ್ತದೆ. ನಾನು 20 ಇಟ್ಟಿದ್ದೇನೆ.

ಹಳೇ ಕೀಬೋರ್ಡ್

ಅದನ್ನು ಯಾರಿಗೂ ಹೇಳಿಕೊಡಬೇಡಿ. ಅದೂ ಅಕ್ಷರ ಮಾತ್ರ ಬೆಳೆಸುವ ದಾರಿಯೇ, ಇನ್ನೂ ಒರಟು. ಟಿಪ್ಪಣಿ, ಸಣ್ಣ ತಲೆಬರಹ, ಮೆನು ಎಲ್ಲ ಒಂದೇ ಗಾತ್ರಕ್ಕೆ ಬಂದು ನಿಲ್ಲುತ್ತವೆ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಏರುತ್ತದೆ. ನಿಮ್ಮಲ್ಲಿ ಕ್ಯಾಲೆಂಡರ್ ಪುಟ ತೆರೆದು ದಿನಾಂಕಗಳು ಹೇಗೆ ಕಾಣುತ್ತವೆ ನೋಡಿ ಹೇಳಿ.

ಸುಮ್ನೆ ಬಂದೆ

ಕ್ಯಾಲೆಂಡರಿನಲ್ಲಿ ಅಂಕಿಗಳು ಒಂದಕ್ಕೊಂದು ಅಂಟಿಕೊಂಡಿವೆ, ಹೌದು. ನಾನು ಅದು ಹಾಗೇ ಇರುವುದು ಅಂದುಕೊಂಡಿದ್ದೆ 😄

ಅಂಚುಪಟ್ಟಿ

ಈಗ ನನಗೊಂದು ಇಕ್ಕಟ್ಟು. ಎಂಟ್ರಿ ಸೈಟ್ ಸರಿ ಹೋಯಿತು, ಆದರೆ 100ರಲ್ಲಿ ಉಳಿದ ಸೈಟುಗಳ ಅಕ್ಷರ ಚಿಕ್ಕದು ಅನಿಸುತ್ತಿದೆ. ಕಣ್ಣಿಗೆ 125 ಅಭ್ಯಾಸವಾಗಿಬಿಟ್ಟಿದೆ. ಏನು ಮಾಡಲಿ?

ಚುಕ್ಕಿಲೆಕ್ಕ

ಮೂರು ದಾರಿ ಇವೆ, ಅವುಗಳಲ್ಲಿ ಒಂದನ್ನು ನಾನು ಒಪ್ಪುವುದಿಲ್ಲ.

ಡೀಫಾಲ್ಟ್ 125 ಇಟ್ಟು, ಎಂಟ್ರಿ ಸೈಟನ್ನು ಮಾತ್ರ 100ಕ್ಕೋ 110ಕ್ಕೋ ಇಳಿಸಿ. ಕ್ರೋಮ್ ಅದನ್ನು ಆ ಹೋಸ್ಟಿನ ಹೆಸರಲ್ಲಿ ನೆನಪಿಟ್ಟುಕೊಳ್ಳುತ್ತದೆ. ನಿಮಗೆ ಇದೇ ಸಾಕು. ಹಾಗೆ ಮಾಡಿದ ಮೇಲೆ ಆ ಸೈಟಿನಲ್ಲಿ ಅಭ್ಯಾಸಬಲದಿಂದ ಕಂಟ್ರೋಲ್ ಸೊನ್ನೆ ಒತ್ತಬೇಡಿ, ಮತ್ತೆ 125ಕ್ಕೆ ಹಾರುತ್ತದೆ.

ಎರಡನೆಯದು ಅಪಿಯರೆನ್ಸ್ ಒಳಗಿನ ‘ಫಾಂಟ್ ಸೈಜ್’. ಮಧ್ಯಮ ಅಂದರೆ 16 ಪಿಕ್ಸೆಲ್, ದೊಡ್ಡದು 20, ಬಹಳ ದೊಡ್ಡದು 24. ಇದು ಒರಟಲ್ಲ. ಅಳತೆಯನ್ನು ಮೂಲ ಅಕ್ಷರಕ್ಕೆ ಹೋಲಿಸಿ ಬರೆದಿರುವ ಸೈಟುಗಳು ಚೆಂದವಾಗಿ ಬೆಳೆಯುತ್ತವೆ. ಪಿಕ್ಸೆಲ್‌ನಲ್ಲಿ ಬರೆದಿರುವ ಸೈಟುಗಳು ಕದಲುವುದೇ ಇಲ್ಲ. ಹಾಗಾಗಿ ಅರ್ಧ ಸೈಟು ಬದಲಾಗಿ ಅರ್ಧ ಬದಲಾಗದಿದ್ದರೆ ಗಾಬರಿ ಬೇಡ.

ಮೂರನೆಯದು ರೆಸಲ್ಯೂಶನ್ ಇಳಿಸುವುದು, 1366 × 768 ಅಂತ. ಇದನ್ನು ಹೇಳುವವರು ಬಹಳ ಮಂದಿ. ಮಾಡಬೇಡಿ. ಪರದೆಯಲ್ಲಿ ಇರುವ ಚುಕ್ಕಿಗಳಿಗೂ ಚಿತ್ರದ ಚುಕ್ಕಿಗಳಿಗೂ ಹೊಂದಿಕೆ ತಪ್ಪಿ ಎಲ್ಲ ಅಕ್ಷರ ಮಸುಕಾಗುತ್ತದೆ.

ಎರಡು ಪರದೆ

ಮಸುಕಿನ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನನ್ನಲ್ಲಿ ರೆಸಲ್ಯೂಶನ್ ಸರಿಯಾಗಿಯೇ ಇದೆ ಅನಿಸುತ್ತದೆ, ಆದರೂ ಬ್ರೌಸರಿನ ಅಕ್ಷರ ಒದ್ದೆಯಾದಂತೆ ಕಾಣುತ್ತದೆ. 100ರಲ್ಲೂ ಅಷ್ಟೇ, 150ರಲ್ಲೂ ಅಷ್ಟೇ.

ನೀಲಿ ಪರದೆ

ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ ನೋಡಿ. ಫೋನಿನಲ್ಲಿ ದೊಡ್ಡದು ಮಾಡಿದಾಗ ಅಕ್ಷರದ ಅಂಚು ಚೊಕ್ಕಟವಾಗಿದ್ದರೆ ತೊಂದರೆ ಮಾನಿಟರ್ ಕಡೆ: ಅದರ ಸ್ವಂತ ರೆಸಲ್ಯೂಶನ್ ಅಲ್ಲದ್ದು ಹಾಕಿರಬಹುದು, ಅಥವಾ ಅದರ ಶಾರ್ಪ್‌ನೆಸ್. ಫೋನಿನಲ್ಲೂ ಮಸುಕಾಗಿದ್ದರೆ ಚಿತ್ರ ಕಂಪ್ಯೂಟರಿನೊಳಗೇ ಮಸುಕಾಗಿದೆ.

ಎರಡು ಪರದೆ

ಫೋನಿನಲ್ಲೂ ಮಸುಕು. ಸಣ್ಣ ಅಕ್ಷರದ ಅಂಚಲ್ಲಿ ಬೂದು ಬಣ್ಣ ಹರಡಿಕೊಂಡಿದೆ. ಆದರೆ ಅದೇ ಸ್ಕ್ರೀನ್‌ಶಾಟಿನಲ್ಲಿ ಟಾಸ್ಕ್‌ಬಾರಿನ ಗಡಿಯಾರ ಚೊಕ್ಕಟವಾಗಿದೆ.

ನೀಲಿ ಪರದೆ

ಒಳ್ಳೆಯ ಸುಳಿವು. ಹಾಗಾದರೆ ಬ್ರೌಸರ್ ಒಂದನ್ನು ಮಾತ್ರ ವಿಂಡೋಸ್ ಹಿಗ್ಗಿಸುತ್ತಿದೆ. ಬ್ರೌಸರಿನ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’. ಅಲ್ಲಿ ‘ಓವರ್‌ರೈಡ್’ ಅನ್ನುವುದಕ್ಕೆ ಟಿಕ್ ಇದ್ದು, ಕೆಳಗೆ ‘ಸಿಸ್ಟಂ’ ಅಂತ ಇದ್ದರೆ ಟಿಕ್ ತೆಗೆಯಿರಿ. ‘ಸಿಸ್ಟಂ’ ಅಂದರೆ ಬ್ರೌಸರ್ ಚಿಕ್ಕದಾಗಿ ಚಿತ್ರ ಬಿಡಿಸಿಕೊಡುತ್ತದೆ, ವಿಂಡೋಸ್ ಅದನ್ನು ಎಳೆದು ದೊಡ್ಡದು ಮಾಡುತ್ತದೆ. ಎಳೆದ ಚಿತ್ರ ಮಸುಕಾಗಲೇಬೇಕು. ಇಂದಿನ ಬ್ರೌಸರುಗಳಿಗೆ ಸ್ಕೇಲ್ ತಾವೇ ಗೊತ್ತು, ಈ ಸಹಾಯ ಬೇಡ. ಬ್ರೌಸರ್ ಪೂರ್ತಿ ಮುಚ್ಚಿ ತೆರೆಯಿರಿ.

ಶಾರ್ಟ್‌ಕಟ್ಟಿನ ‘ಟಾರ್ಗೆಟ್’ ಸಾಲಿನ ಕೊನೆಯಲ್ಲಿ ಸ್ಕೇಲ್ ಫ್ಯಾಕ್ಟರ್ ಅಂತ ಯಾರಾದರೂ ಏನಾದರೂ ಸೇರಿಸಿದ್ದಾರೆಯೇ ಅದನ್ನೂ ನೋಡಿ. ಹಳೆಯ ಸಲಹೆ ನೋಡಿ ಹಾಕಿಕೊಂಡು ಮರೆತುಬಿಟ್ಟಿರುತ್ತಾರೆ.

ಎರಡು ಪರದೆ

ಓವರ್‌ರೈಡ್‌ಗೆ ಟಿಕ್ ಇತ್ತು, ‘ಸಿಸ್ಟಂ’ ಅಂತಲೇ. ತೆಗೆದೆ. ಅಕ್ಷರ ಬ್ಲೇಡಿನ ಹಾಗೆ ಆಯಿತು.

ಒತ್ತಕ್ಷರ

ಮಧ್ಯೆ ಒಂದು ಸಣ್ಣ ಪ್ರಶ್ನೆ. 90ಕ್ಕೆ ಇಳಿಸಿದರೆ ಕೋಷ್ಟಕದ ಕೆಲವು ಗೆರೆ ದಪ್ಪ, ಕೆಲವು ಇಲ್ಲವೇ ಇಲ್ಲ. 100ರಲ್ಲಿ ಎಲ್ಲ ಸಮ.

ಚುಕ್ಕಿಲೆಕ್ಕ

ಒಂದು ಚುಕ್ಕಿಯ ಗೆರೆಯನ್ನು 0.9 ಚುಕ್ಕಿ ಮಾಡಲಾಗುವುದಿಲ್ಲ. ಪರದೆಯಲ್ಲಿ ಚುಕ್ಕಿ ಇರುತ್ತದೆ, ಇಲ್ಲವೇ ಇರುವುದಿಲ್ಲ. ಬಾರ್ಡರ್ ಅಂತ ಬರೆದಿದ್ದರೆ ಬ್ರೌಸರ್ ಕನಿಷ್ಠ ಒಂದು ಚುಕ್ಕಿಯನ್ನಾದರೂ ಉಳಿಸುತ್ತದೆ. ಹಿನ್ನೆಲೆ ಬಣ್ಣ ಹಾಕಿ ಒಂದು ಪಿಕ್ಸೆಲ್ ಎತ್ತರದ ಪಟ್ಟಿಯನ್ನೇ ಗೆರೆ ಅಂತ ತೋರಿಸಿದ್ದರೆ ಆ ರಕ್ಷಣೆ ಇಲ್ಲ. ಪಟ್ಟಿ ಎಲ್ಲಿ ಬಿತ್ತೋ ಅದರ ಮೇಲೆ ಕೆಲವು ಉಳಿಯುತ್ತವೆ, ಕೆಲವು ಹೋಗುತ್ತವೆ. ಒಂದು ಹೆಜ್ಜೆ ಮೇಲೆ ಕೆಳಗೆ ಮಾಡಿ ನೋಡುವುದು ಬಿಟ್ಟರೆ ಓದುಗರ ಕೈಯಲ್ಲಿ ಬೇರೇನೂ ಇಲ್ಲ.

ವಿಂಡೋಸ್ ಸ್ಕೇಲ್ ಮತ್ತು ಜೂಮ್ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ ಅನ್ನುವುದು ಇಲ್ಲೂ ನೆನಪಿರಲಿ. ಸ್ಕೇಲ್ 125, ಜೂಮ್ 110 ಇದ್ದರೆ ನಿಜವಾದ ಅಂಕಿ 1.375. ಇಂಥ ಪೂರ್ಣಾಂಕವಲ್ಲದ ಅಂಕಿಯಲ್ಲಿ ಗೆರೆಗಳು ಜಾಸ್ತಿ ಕೆಡುತ್ತವೆ. ನಿಮ್ಮ ಯಂತ್ರದ ಅಂಕಿ ನೋಡಬೇಕೆಂದರೆ ಎಫ್12 ಒತ್ತಿ, ಕನ್ಸೋಲ್‌ನಲ್ಲಿ ‘ಡಿವೈಸ್‌ಪಿಕ್ಸೆಲ್‌ರೇಶಿಯೋ’ ಅಂತ ಇಂಗ್ಲಿಷಿನಲ್ಲಿ ಜಾಗ ಬಿಡದೆ ಬರೆದು ಎಂಟರ್ ಹೊಡೆಯಿರಿ. ಪಿ ಮತ್ತು ಆರ್ ಮಾತ್ರ ದೊಡ್ಡಕ್ಷರ. ಬೆರಳಿನ ಜೂಮ್ ಅದರಲ್ಲಿ ಸೇರುವುದಿಲ್ಲ.

ಬೆರಳತುದಿ

ಫೋನಿನ ಬಗ್ಗೆ ಯಾರಾದರೂ ಹೇಳಿ. ಐಫೋನಿನಲ್ಲಿ ಒಂದು ಫಾರ್ಮ್ ತುಂಬಲು ಬಾಕ್ಸ್ ಮುಟ್ಟಿದ ಕೂಡಲೇ ಪುಟ ತಾನಾಗಿ ಮುಂದೆ ಬರುತ್ತದೆ, ವಾಪಸ್ ಹೋಗುವುದಿಲ್ಲ. ಇನ್ನೊಂದು ಆಂಡ್ರಾಯ್ಡ್ ಫೋನಿನಲ್ಲಿ ಒಂದು ಸೈಟ್ ಎಷ್ಟು ಎಳೆದರೂ ದೊಡ್ಡದೇ ಆಗುವುದಿಲ್ಲ.

ಚುಕ್ಕಿಲೆಕ್ಕ

ಐಫೋನ್: ಬಾಕ್ಸಿನೊಳಗಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಸಫಾರಿ ತಾನೇ ಮುಂದೆ ತರುತ್ತದೆ, ಓದಲು ಆಗಲಿ ಅಂತ. ಸೈಟ್ ಮಾಡಿದವರು ಅದನ್ನು 16 ಮಾಡಿದರೆ ಮುಗಿಯಿತು. ನೀವು ಬೆರಳಿಂದ ಹಿಂದಕ್ಕೆ ತಳ್ಳಬೇಕು, ಅಷ್ಟೇ.

ಆಂಡ್ರಾಯ್ಡ್: ಆ ಸೈಟ್ ಜೂಮ್ ಮಾಡಬಾರದು ಅಂತ ಬರೆದುಕೊಂಡಿದೆ. ಓದುಗರ ಕಣ್ಣಿನ ಮೇಲೆ ಸೈಟಿಗೇನು ಅಧಿಕಾರ ಅಂತ ನನಗಂತೂ ಸಿಟ್ಟು ಬರುತ್ತದೆ. ಐಒಎಸ್ 10 ಬಂದಾಗಿನಿಂದ, ಅಂದರೆ 2016ರಿಂದ, ಸಫಾರಿ ಆ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಆಂಡ್ರಾಯ್ಡ್ ಕ್ರೋಮಿನಲ್ಲಿ ನೀವೇ ಹೇಳಬೇಕು: ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ‘ಫೋರ್ಸ್ ಎನೇಬಲ್ ಜೂಮ್’.

ವೆಬ್ ಆಕ್ಸೆಸಿಬಿಲಿಟಿ ನಿಯಮಾವಳಿಯಲ್ಲೂ ಇದು ಇದೆ. ಅಕ್ಷರವನ್ನು 200%ವರೆಗೆ ದೊಡ್ಡದು ಮಾಡಿದರೂ ಪುಟ ಕೆಲಸ ಮಾಡಬೇಕು. 2018ರ 2.1 ಆವೃತ್ತಿ ಇನ್ನೂ ಮುಂದೆ ಹೋಗಿ, 320 ಪಿಕ್ಸೆಲ್ ಅಗಲದಲ್ಲೂ ಅಡ್ಡ ಸ್ಕ್ರೋಲ್ ಇಲ್ಲದೆ ಓದಲು ಆಗಬೇಕು ಅನ್ನುತ್ತದೆ. 1280 ಅಗಲದ ಕಿಟಕಿಯನ್ನು 400% ಜೂಮ್ ಮಾಡಿದರೆ ಸಿಗುವುದು ಆ 320. ನಕ್ಷೆ, ದೊಡ್ಡ ಕೋಷ್ಟಕ ಇಂಥವಕ್ಕೆ ವಿನಾಯಿತಿ ಇದೆ. ಅಂಚುಪಟ್ಟಿ ಅವರ ಎಂಟ್ರಿ ಸೈಟ್ 125ಕ್ಕೇ ಸೇವ್ ಬಟನ್ ಕಳೆದುಕೊಳ್ಳುತ್ತದೆ. ಅದನ್ನು ನೋಡಿಕೊಳ್ಳುವವರಿಗೆ ಒಂದು ಮೇಲ್ ಹಾಕಿ. ‘ಬಟನ್ ಕಾಣುತ್ತಿಲ್ಲ’ ಅಂತ ಮಾತ್ರ ಬರೆದರೆ ‘ನಮ್ಮಲ್ಲಿ ಕಾಣುತ್ತದೆ’ ಅನ್ನುತ್ತಾರೆ. ಕಿಟಕಿಯ ಅಗಲ 1024, ಎತ್ತರ ಸುಮಾರು 440 ಅಂತ ಅಂಕಿ ಸಮೇತ ಬರೆಯಿರಿ.

ಅಂಚುಪಟ್ಟಿ

ಅಂಕಿ ಹಾಕಿ, ಸ್ಕ್ರೀನ್‌ಶಾಟ್ ಸೇರಿಸಿ ಕಳಿಸಿದ್ದೇನೆ. ಉತ್ತರ ಬಂದರೆ ಹಾಕುತ್ತೇನೆ.

ಎರಡು ಪರದೆ

ನನ್ನದು ಕೊನೆಯ ಪ್ರಶ್ನೆ. ಲ್ಯಾಪ್‌ಟಾಪ್ ಪರದೆ 150, ಹೊರಗಿನ ದೊಡ್ಡ ಮಾನಿಟರ್ 100. ಕಿಟಕಿಯನ್ನು ಆ ಕಡೆ ಎಳೆದರೆ ಅಕ್ಷರ ಚಿಕ್ಕದು. ಅಲ್ಲಿ ಜೂಮ್ ಜಾಸ್ತಿ ಮಾಡಿದರೆ ಈ ಕಡೆ ತಂದಾಗ ತೀರಾ ದೊಡ್ಡದು. ಪರದೆಗೊಂದು ಜೂಮ್ ಇಡಲು ಆಗುವುದಿಲ್ಲವೇ?

ಹಳೇ ಕೀಬೋರ್ಡ್

ಒಂದೇ ಪ್ರೊಫೈಲಿನಲ್ಲಿ ಆಗುವುದಿಲ್ಲ. ಬ್ರೌಸರಿಗೆ ಸೈಟ್ ಯಾವುದು ಅಂತ ನೆನಪಿರುತ್ತದೆ, ಕಿಟಕಿ ಯಾವ ಪರದೆಯಲ್ಲಿತ್ತು ಅಂತ ಅಲ್ಲ. ಮೊದಲು ಹೊರಗಿನ ಮಾನಿಟರಿನ ಸ್ಕೇಲನ್ನೇ 125 ಮಾಡಿ ನೋಡಿ. ವಿಂಡೋಸ್‌ನಲ್ಲಿ ಪರದೆಗೊಂದು ಸ್ಕೇಲ್ ಇಡಬಹುದು, ಹೆಚ್ಚಿನವರಿಗೆ ಅಲ್ಲಿಗೇ ಮುಗಿಯುತ್ತದೆ. ಸಾಲದಿದ್ದರೆ ಕ್ರೋಮಿನಲ್ಲಿ ಎರಡನೇ ಪ್ರೊಫೈಲ್ ಮಾಡಿ, ಅದರ ಡೀಫಾಲ್ಟ್ ಜೂಮ್ ಬೇರೆ ಇಡಿ, ದೊಡ್ಡ ಮಾನಿಟರಿನಲ್ಲಿ ಅದನ್ನೇ ತೆರೆಯಿರಿ. ಬುಕ್‌ಮಾರ್ಕ್, ಲಾಗಿನ್, ಎಕ್ಸ್‌ಟೆನ್ಶನ್ ಎಲ್ಲ ಅಲ್ಲಿ ಹೊಸದಾಗಿ ಹಾಕಿಕೊಳ್ಳಬೇಕು, ಅದೊಂದು ಕಿರಿಕಿರಿ. ಎರಡು ಪ್ರೊಫೈಲಿಗೂ ಬೇರೆ ಬೇರೆ ಬಣ್ಣ ಕೊಡಿ, ಇಲ್ಲದಿದ್ದರೆ ಯಾವ ಕಿಟಕಿ ಯಾವುದರದ್ದು ಅಂತ ಗೊಂದಲವಾಗುತ್ತದೆ.